ಮುದುಕಿ ಕುಡಿದ ನೀರು

ಜೂನ್ ೩, ಸೋಮವಾರ

ನೀರು: ಎರಡು ಲೀಟರು ಮುನ್ನೂರು.

ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ ಎಂದು ಬರೆದಿಡಿ ಅಂತ ನಾಯಿ ಡಾಕ್ಟರಮ್ಮ ಹೇಳಿದ್ದರಿಂದ ಈ ಡೈರಿ ಹೊರಗೆ ಬಂತು. ಸೋಪಿನ ಪುಡಿಯ ಕಂಪನಿಯವರು ಹೊಸ ವರ್ಷಕ್ಕೆ ಲಾಂಡ್ರಿಗೆ ಕೊಟ್ಟದ್ದು. ಜನವರಿಯಿಂದ ಇದರಲ್ಲಿ ಒಂದು ಗೆರೆಯೂ ಬಿದ್ದಿರಲಿಲ್ಲ. ನನ್ನ ಬದುಕಿನಲ್ಲಿ ಬರೆದಿಡುವಂಥದ್ದು ಏನಿದೆ?

ನಾಯಿ ನನ್ನದಲ್ಲ, ಅಕ್ಕನದು. ಜನವರಿಯಲ್ಲಿ ಅಕ್ಕ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಂದು ಆಪರೇಷನ್ ಆಯಿತು, ಸರಿಹೋಗಲಿಲ್ಲ, ಇನ್ನೊಂದು ಆಯಿತು. ಈಗ ಬೇರೆ ಊರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋಗುವಾಗ, ನಾನು ಬರುವವರೆಗೂ ನೋಡಿಕೋ ಅಂದಳು. ಒಂಟಿ ಮನುಷ್ಯ, ಎರಡು ಕೋಣೆಯ ಮನೆ, ನಾಯಿ ಸಾಕಿ ಗೊತ್ತಿಲ್ಲ ಎಂದೆಲ್ಲ ಹೇಳಬಹುದಿತ್ತು. ಹೂಂ ಅಂದೆ. ಅವಳು ಅದನ್ನು ಪುಟ್ಟಿ ಅನ್ನುತ್ತಾಳೆ. ಹನ್ನೊಂದು ವರ್ಷದ ನಾಯಿಯನ್ನು ಪುಟ್ಟಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಮುದುಕಿ ಅನ್ನುತ್ತೇನೆ.

ಬಂದಾಗ ಚೆನ್ನಾಗಿಯೇ ಇತ್ತು. ಎರಡು ತಿಂಗಳಿಂದ ಹೊಟ್ಟೆ ಜೋತುಬಿದ್ದಿದೆ. ಬೆನ್ನಿನ ಕೂದಲು ಉದುರಿ ಚರ್ಮ ಕಾಣುತ್ತದೆ. ಎಷ್ಟು ಹಾಕಿದರೂ ಇನ್ನೂ ಬೇಕು. ಬೋಗುಣಿಯಲ್ಲಿ ನೀರು ಇರುವವರೆಗೂ ಬಾಯಿ ಎತ್ತುವುದಿಲ್ಲ, ಕುಡಿದದ್ದೆಲ್ಲ ಬೆಳಗಾಗುವಷ್ಟರಲ್ಲಿ ಅಡುಗೆಮನೆಯ ನೆಲದ ಮೇಲೆ. ಡಾಕ್ಟರಮ್ಮ ಹೊಟ್ಟೆ ಒತ್ತಿ, ಚರ್ಮ ಹಿಡಿದೆತ್ತಿ ನೋಡಿ, ಹಾರ್ಮೋನಿನ ತೊಂದರೆ ಇದ್ದ ಹಾಗಿದೆ ಅಂದರು. ವಯಸ್ಸಾದ ನಾಯಿಗಳಲ್ಲಿ ಮೂತ್ರಪಿಂಡದ ಪಕ್ಕದ ಗ್ರಂಥಿ ಕೆಲವೊಮ್ಮೆ ಮಿತಿಮೀರಿ ಕೆಲಸ ಮಾಡುತ್ತದಂತೆ. ರಕ್ತಪರೀಕ್ಷೆ ಆಗಬೇಕು, ಆಮೇಲೆ ಮಾತ್ರೆ. ಬದುಕಿರುವವರೆಗೂ ಇರಬಹುದು ಅಂದರು.

ಅಕ್ಕ ವಾಪಸ್ಸು ಬರುವ ಹೊತ್ತಿಗೆ ನಾಯಿಗೆ ಏನಾದರೂ ಆಗಿದ್ದರೆ ನಾನು ಅವಳಿಗೆ ಮುಖ ತೋರಿಸುವುದು ಹೇಗೆ? ಬೆಳಗಿನಿಂದ ಇದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿದೆ.

ಜೂನ್ ೪, ಮಂಗಳವಾರ

ನೀರು: ಎರಡು ಲೀಟರು ನಾನೂರು.

ಅಕ್ಕನಿಗೆ ಫೋನ್ ಮಾಡಿದೆ. ಪೂರ್ತಿ ಕೇಳಲೇ ಇಲ್ಲ.

"ಮಾತ್ರೆ ಗೀತ್ರೆ ಏನೂ ಬೇಡ. ಹನ್ನೊಂದು ವರ್ಷ ಒಂದು ಮಾತ್ರೆ ಹಾಕ್ದೆ ಸಾಕಿದೀನಿ ಅವಳನ್ನ. ನಿಮ್ಮ ಭಾವ ಕೊನೇಲಿ ಮುಷ್ಟಿ ಮುಷ್ಟಿ ಮಾತ್ರೆ ನುಂಗಿ ಏನಾದ್ರು ಅಂತ ನೋಡಿದೀಯಲ್ಲ?"

ಆಮೇಲೆ ಪಟ್ಟಿ ಹೇಳಿದಳು, ನಾನು ಬರೆದುಕೊಂಡೆ. ಬೇಯಿಸಿದ ಕುಂಬಳಕಾಯಿ. ಕೊಬ್ಬು ತೆಗೆದ ಮಾಂಸ. ದಿನಕ್ಕೆ ಅರ್ಧ ಚಮಚ ಅಗಸೆ ಬೀಜದ ಪುಡಿ. ಬಿಸ್ಕತ್ತು ಮುಟ್ಟಿಸಬಾರದು. ಬೆಳಗ್ಗೆ ಸಂಜೆ ಸ್ವಲ್ಪ ಸ್ವಲ್ಪ ನಡೆಸಬೇಕು. ಗದರಿಸಬಾರದು, ಮನೆಯಲ್ಲಿ ಗಲಾಟೆ ಇರಬಾರದು. ನನ್ನ ಮನೆಯಲ್ಲಿ ಗಲಾಟೆ ಮಾಡಲು ಯಾರಿದ್ದಾರೆ ಅಂದರೆ, ರೇಡಿಯೋ ಕೂಡ ಗಲಾಟೆಯೇ ಅಂದಳು. ಎಲ್ಲದಕ್ಕೂ ಹೂಂ ಅಂದೆ. ಐವತ್ತಾರು ವರ್ಷದಲ್ಲಿ ಅಕ್ಕನಿಗೆ ಊಹೂಂ ಅಂದ ನೆನಪಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹದಿನೇಳು. ಹೂಂ ಅನ್ನುವುದು ಆಗಿನಿಂದ ಬಂದದ್ದು.

ರಕ್ತಪರೀಕ್ಷೆ ಬೇಡ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಜೂನ್ ೯, ಭಾನುವಾರ

ನೀರು: ಎರಡು ಲೀಟರು ಇನ್ನೂರು.

ಕುಂಬಳಕಾಯಿ ಬೇಯಿಸುವುದು ಕಲಿತೆ. ಮೊದಲ ದಿನ ತಳ ಹಿಡಿಯಿತು, ಅದನ್ನೂ ಮುದುಕಿ ತಟ್ಟೆಯ ಸಮೇತ ನೆಕ್ಕಿ ಮುಗಿಸಿತು. ಉಳಿದದ್ದನ್ನು ನಾನೂ ತಿಂದೆ, ಉಪ್ಪು ಹಾಕಿಕೊಂಡು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿಗೆ ಇದು ಗೊತ್ತಾಗಿ, ಇನ್ನೊಂದು ವಾರಕ್ಕೆ ನೀವೂ ಬೊಗಳುತ್ತೀರಿ ಎಂದು ನಗಾಡಿದಳು.

ಅಂಗಡಿಯಲ್ಲಿ ನನ್ನನ್ನು ಕಲೆಗಾರ ಅನ್ನುತ್ತಾರೆ, ಬಟ್ಟೆಯ ಕಲೆ ತೆಗೆಯುವವನು ಅಂತ. ಮೂವತ್ತು ವರ್ಷದಿಂದ ಹಿಂದಿನ ಕೋಣೆಯಲ್ಲಿ, ಒಂದು ಕಿಟಕಿ, ಒಂದು ಮೇಜು, ಹದಿನಾರು ಬಾಟಲಿ. ಯಾರ ಜೊತೆಯೂ ಮಾತಾಡಬೇಕಾಗಿಲ್ಲ, ಅದೇ ಸುಖ. ಕೈಗವಸು ಹಾಕಿದರೆ ಬಟ್ಟೆಯ ನೂಲು ಬೆರಳಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಬರಿಗೈ. ಅದಕ್ಕೆ ತಕ್ಕ ಫಲವೂ ಸಿಕ್ಕಿದೆ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ತುರಿಕೆ, ಉರಿ. ಮೂಲೆಯ ಔಷಧಿ ಅಂಗಡಿಯವನು ಕೊಟ್ಟ ಮುಲಾಮು ಏಳು ವರ್ಷದಿಂದ ಹಚ್ಚುತ್ತಿದ್ದೇನೆ. ಹಚ್ಚಿದರೆ ಮಾರನೆಯ ದಿನ ಕೆಲಸ ನಡೆಯುತ್ತದೆ.

ಸಂಜೆ ಬಂದು ಮುಲಾಮು ಹಚ್ಚಿ ಕುರ್ಚಿಯಲ್ಲಿ ಕೂತರೆ ಮುದುಕಿ ಪಕ್ಕಕ್ಕೆ ಬಂದು ಕೈ ನೆಕ್ಕುತ್ತದೆ. ಬಂದ ಮೊದಲ ವಾರದಿಂದಲೂ ಇದೇ ಅಭ್ಯಾಸ. ಮೊದಮೊದಲು ಬೈದು ಓಡಿಸುತ್ತಿದ್ದೆ, ಈಗ ಬಿಟ್ಟಿದ್ದೇನೆ. ಇಡೀ ದಿನದಲ್ಲಿ ನನ್ನನ್ನು ಮುಟ್ಟುವ ಜೀವ ಅದೊಂದೇ. ನೆಕ್ಕಿದ್ದು ಮುಗಿದ ಮೇಲೆ ಮತ್ತೆ ಹಚ್ಚಿಕೊಂಡರಾಯಿತು.

ಜೂನ್ ೧೮, ಮಂಗಳವಾರ

ನೀರು: ಎರಡು ಲೀಟರು ಐನೂರು.

ಅಕ್ಕನಿಗೆ ಹೇಳದೆ ಕಳೆದ ವಾರ ರಕ್ತ ತೆಗೆಸಿದ್ದೆ. ಸುಳ್ಳು ಹೇಳಲಿಲ್ಲ, ಹೇಳಲಿಲ್ಲ ಅಷ್ಟೇ. ಇವತ್ತು ಫಲಿತಾಂಶ ಬಂತು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿದರು.

"ನೋಡೋಕೆ ಹಾರ್ಮೋನ್ ಜಾಸ್ತಿ ಆಗಿರೋ ನಾಯಿ. ರಕ್ತದಲ್ಲಿ ನೋಡಿದ್ರೆ ಇಲ್ಲವೇ ಇಲ್ಲ. ಗ್ರಂಥಿ ನಿದ್ದೆ ಮಾಡ್ತಿದೆ. ಹೊರಗಡೆಯಿಂದ ಅದೇ ಹಾರ್ಮೋನಿನ ಥರದ ಔಷಧಿ, ಸ್ಟೀರಾಯ್ಡ್, ಹೋಗ್ತಿದ್ರೆ ಹೀಗಾಗತ್ತೆ. ಇವಳಿಗೆ ಏನಾದ್ರೂ ಕೊಡ್ತಿದೀರಾ? ಕಿವಿಗೆ ಹನಿ, ಯಾವ್ದಾದ್ರೂ ಪುಡಿ?"

ನನಗೆ ಸಿಟ್ಟೇ ಬಂತು. ಒಂದು ಮಾತ್ರೆ ಮುಟ್ಟಿಸದೆ, ಕುಂಬಳಕಾಯಿ ಹೆಚ್ಚಿ ಬೇಯಿಸಿ ಹಾಕುತ್ತಿರುವವನನ್ನು ಹೀಗೆ ಕೇಳುವುದೇ? ನಮ್ಮದೆಲ್ಲ ನೈಸರ್ಗಿಕ ಅಂದೆ, ಅಕ್ಕನ ದನಿಯಲ್ಲೇ. ಮನೆಗೆ ಬಂದು ಅಗಸೆ ಪುಡಿಯ ಪೊಟ್ಟಣ, ಸ್ನಾನದ ಸೋಪು ಎರಡನ್ನೂ ಒಯ್ದು ತೋರಿಸಿದೆ. ಅವರು ಎರಡೂ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿ ತಲೆ ಅಲ್ಲಾಡಿಸಿದರು. ಊಟ ನಡಿಗೆ ಒಳ್ಳೆಯದೇ, ಮುಂದುವರಿಸಿ, ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ, ಅಲ್ಲಿಯವರೆಗೆ ಮಾತ್ರೆ ಬೇಡ ಅಂದರು.

ಮಾತ್ರೆ ಬೇಡ ಅನ್ನುವುದನ್ನು ಮಾತ್ರ ಅಕ್ಕನಿಗೆ ಹೇಳಿದೆ. ಗೆದ್ದವಳ ಹಾಗೆ ನಕ್ಕಳು.

ಜೂನ್ ೨೭, ಗುರುವಾರ

ನೀರು: ಎರಡು ಲೀಟರು ಆರುನೂರು.

ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಮಧ್ಯಾಹ್ನ ಮನೆಗೆ ಓಡಿ ಬಂದು ನೋಡಿದೆ. ಮಲಗಿ ಏದುಸಿರು ಬಿಡುತ್ತಿತ್ತು, ಏನೂ ಆಗಿರಲಿಲ್ಲ. ವಾಪಸ್ಸು ಹೋಗುವಾಗ ಬಾಗಿಲು ಹಾಕಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ಮತ್ತೆ ಬಂದೆ. ಹಾಕಿದ್ದೆ.

ಕೆಲಸದಲ್ಲೂ ಎಡವಟ್ಟು. ಬಿಳಿ ಕೋಟಿನ ಮೇಲೆ ಕಂದು ಕಲೆ, ಗಿರಾಕಿ ಕಾಫಿ ಅಂದರಂತೆ. ಕಲೆ ಬಂದಾಗ ಕೌಂಟರಿನವರಿಂದ ನಾನು ಕೇಳಿಸುವುದು ಮೂರೇ ಪ್ರಶ್ನೆ: ಯಾವುದರದು, ಯಾವತ್ತಿನದು, ಮನೆಯಲ್ಲಿ ಅದಕ್ಕೆ ಏನು ಹಚ್ಚಿದಿರಿ. ಮೂರನೆಯದಕ್ಕೆ ಜನ ಏನೂ ಇಲ್ಲ ಅಂದುಬಿಡುತ್ತಾರೆ. ಹಚ್ಚಿರುತ್ತಾರೆ, ನಿಂಬೆಹುಳಿಯೋ ಬ್ಲೀಚೋ ಏನೋ ಒಂದು. ನನ್ನ ಔಷಧಿ ಅದರ ಮೇಲೆ ಬಿದ್ದ ತಕ್ಷಣ ಬಟ್ಟೆ ಹಳದಿಯಾಗುತ್ತದೆ. ಇವತ್ತೂ ಆಯಿತು. ಯಜಮಾನರು ನನಗೇ ಬೈದರು, ನಾನು ಸುಮ್ಮನೆ ನಿಂತೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ತಪ್ಪು ನನ್ನದಲ್ಲ ಅನ್ನಬಾರದೇ ಎಂದು ಇಸ್ತ್ರಿಯವಳು ಬೈದಳು. ಇಬ್ಬರ ಬೈಗುಳವನ್ನೂ ಕಟ್ಟಿಕೊಂಡು ಮನೆಗೆ ಬಂದೆ.

ಮುದುಕಿ ಬಾಲ ಆಡಿಸಿದಳು. ಸ್ವಲ್ಪ ಹೊತ್ತು ಕೈ ಕೊಟ್ಟುಕೊಂಡು ಕೂತಿದ್ದೆ.

ಜುಲೈ ೫, ಶುಕ್ರವಾರ

ನೀರು: ಎರಡು ಲೀಟರು ಏಳುನೂರು.

ಅಕ್ಕ ಹೊಸದೊಂದು ಕಂಡುಹಿಡಿದಿದ್ದಾಳೆ. ಅವಳು ಹೇಳಿದ್ದನ್ನೆಲ್ಲ ಮಾಡಿದರೂ ಗುಣವಾಗುತ್ತಿಲ್ಲ ಅಂದರೆ ಮನೆಯ ಗಾಳಿಯೇ ಕೆಟ್ಟಿದೆಯಂತೆ. ನೆಲ ಒರೆಸುವ ಔಷಧಿ, ಸೊಳ್ಳೆಬತ್ತಿ, ಎಲ್ಲ ಎಸೆಯಬೇಕು.

"ನಿನ್ ಆ ಮುಲಾಮನ್ನೂ ಬಿಸಾಕು. ಅದರ ವಾಸನೆಗೇ ಅವಳಿಗೆ ಆಗ್ತಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಕೋ, ಸಾಕು."

ಮುಲಾಮಿಲ್ಲದೆ ನನ್ನ ಕೈ ಏನಾಗುತ್ತದೆ ಅಂತ ಹೇಳಬೇಕೆಂದುಕೊಂಡೆ. ಅಕ್ಕ ಆಗಲೇ ನೀರಿನ ವಿಷಯ ಕೇಳುತ್ತಿದ್ದಳು. ಹೂಂ ಅಂದು ಎಲ್ಲವನ್ನೂ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿದೆ.

ಜುಲೈ ೮, ಸೋಮವಾರ

ನೀರು: ಒಂದು ಲೀಟರು ಆರುನೂರು!

ತಪ್ಪು ಅಳೆದೆನೇನೋ ಅಂತ ಎರಡು ಸಲ ನೋಡಿದೆ. ಒಂದು ಲೀಟರಿಗಿಂತ ಹೆಚ್ಚು ಇಳಿದಿದೆ. ಅಡುಗೆಮನೆಯ ನೆಲವೂ ಒಣಗಿತ್ತು. ಕೈ ಮಾತ್ರ ಹಾಳಾಗಿದೆ, ಎಣ್ಣೆ ಯಾವ ಮೂಲೆಗೂ ಸಾಲುತ್ತಿಲ್ಲ.

ಜುಲೈ ೧೦, ಬುಧವಾರ

ನೀರು: ಒಂಬೈನೂರು ಮಿಲಿ.

ಒಂಬೈನೂರು! ಆರೋಗ್ಯವಾಗಿರುವ ನಾಯಿ ಕುಡಿಯುವಷ್ಟೇ. ಅಕ್ಕನಿಗೆ ಹೇಳಿದಾಗ ಫೋನಿನಲ್ಲೇ ಅತ್ತಳು. ನೋಡಿದೆಯಾ, ನಾನು ಹೇಳಲಿಲ್ಲವಾ ಎಂದು ನಾಲ್ಕು ಸಲ ಹೇಳಿದಳು. ಹೇಳಲಿ. ನನಗೂ ಖುಷಿಯಾಗಿ ಲಾಂಡ್ರಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ಅಷ್ಟು ಮಾತು ನನ್ನ ಬಾಯಿಂದ ಬಂದದ್ದು ನೋಡಿ ಯಜಮಾನರು ಜ್ವರವೇನೋ ಅಂದುಕೊಂಡಿರಬೇಕು.

ಕಿರುಬೆರಳಿನ ಬುಡ ಸೀಳಿ ರಕ್ತ ಬಂತು. ಒಂದು ರೇಷ್ಮೆ ಕುಪ್ಪಸಕ್ಕೆ ತಾಗುವುದರಲ್ಲಿತ್ತು.

ಜುಲೈ ೧೨, ಶುಕ್ರವಾರ

ನೀರು: ಐನೂರು.

ಹಸಿವೂ ಹಿಡಿತಕ್ಕೆ ಬಂದಿದೆ, ಅರ್ಧ ತಟ್ಟೆ ಹಾಗೇ ಬಿಟ್ಟಳು. ಮೊದಲಿನ ಹಾಗೆ ಹಿಂದೆ ಮುಂದೆ ಓಡಾಡುವುದಿಲ್ಲ. ಬಾಗಿಲ ಪಕ್ಕ ಶಾಂತವಾಗಿ ಮಲಗಿರುತ್ತಾಳೆ. ನಡೆಯಲು ಕರೆದರೆ ಬೇಡ ಅನ್ನುವ ಹಾಗೆ ನೋಡುತ್ತಾಳೆ.

ಇಸ್ತ್ರಿಯವಳು ನನ್ನ ಬಲಗೈಗೆ ಹಳೆ ಬಟ್ಟೆ ಸುತ್ತಿ ಕಟ್ಟಿದಳು. ನಾಯಿಯ ಶಾಂತಿಯ ಬಗ್ಗೆ ಹೇಳಿದೆ. ಅವಳು ಗಂಟು ಬಿಗಿಯುತ್ತಾ, ನನ್ನ ಅತ್ತೆಯೂ ಕೊನೆಗೆ ಹೀಗೇ ಶಾಂತವಾಗಿದ್ದರು ಅಂದಳು. ಇಂಥ ಮಾತು ಆಡಲು ಅವಳಿಗೆ ಹೊತ್ತುಗೊತ್ತಿಲ್ಲ.

ಜುಲೈ ೧೪, ಭಾನುವಾರ

ನೀರು: ಇಲ್ಲ.

ಜುಲೈ ೧೫, ಸೋಮವಾರ

ರಜೆ ಹಾಕಿದ್ದೇನೆ. ನಿನ್ನೆಯದನ್ನು ಬರೆಯಬೇಕು.

ನಿನ್ನೆ ಬೆಳಗ್ಗೆ ಎದ್ದಾಗ ವಾಂತಿ ಮಾಡಿಕೊಂಡು ಅದರಲ್ಲೇ ಮಲಗಿದ್ದಳು. ಎಬ್ಬಿಸಿದರೆ ಕಾಲು ನಿಲ್ಲಲಿಲ್ಲ. ವಸಡು ಬೆಳ್ಳಗಾಗಿತ್ತು. ಲಾಂಡ್ರಿಯ ಗಂಟು ಕಟ್ಟುವ ಬಟ್ಟೆಯಲ್ಲಿ ಸುತ್ತಿ, ಎತ್ತಿಕೊಂಡು ಓಡಿದೆ. ಭಾನುವಾರ ಆಸ್ಪತ್ರೆ ಮುಚ್ಚಿರುತ್ತದೆ, ಡಾಕ್ಟರಮ್ಮನ ಮನೆ ಅದರ ಮೇಲೆಯೇ. ಬಾಗಿಲು ಬಡಿದೆ. ಜನ್ಮದಲ್ಲಿ ಯಾರ ಮನೆಯ ಬಾಗಿಲನ್ನೂ ಹಾಗೆ ಬಡಿದವನಲ್ಲ.

ಡ್ರಿಪ್ ಹಾಕಿದರು. ಏನೇನೋ ಚುಚ್ಚಿದರು. ಅವಳ ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟುಕೊಂಡೇ, ಈ ವಾರ ಮನೆಯಲ್ಲಿ ಏನಾದರೂ ಬದಲಾಯಿತಾ ಎಂದು ಕೇಳಿದರು. ಏನೂ ಇಲ್ಲ ಅಂದೆ. ಅವರ ಕಣ್ಣು ನನ್ನ ಬಲಗೈಗೆ ಹೋಯಿತು, ಬಟ್ಟೆಯ ಮೇಲೆ ರಕ್ತ ಒಸರಿತ್ತು.

"ಕೈಗೇನಾಯ್ತು?"

"ನಂದು ಬಿಡಿ."

"ಹೇಳಿ."

ಹೇಳಿದೆ. ಏಳು ವರ್ಷದ ಮುಲಾಮು, ಅದನ್ನು ಎಸೆದದ್ದು. ಮುಲಾಮಿನ ಹೆಸರು ಕೇಳಿದರು, ನನಗೆ ಗೊತ್ತಿರಲಿಲ್ಲ. ಔಷಧಿ ಅಂಗಡಿಯವನಿಗೆ ಫೋನ್ ಹಚ್ಚಿಸಿ ಅವರೇ ಮಾತಾಡಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ನಾಯಿ ನಿಮ್ಮ ಕೈ ನೆಕ್ಕುತ್ತಾ?"

ಉತ್ತರ ಹೇಳುವ ಮೊದಲೇ ನನಗೆ ಅರ್ಥವಾಯಿತು.

ಮುಲಾಮಿನಲ್ಲಿದ್ದದ್ದು ಸ್ಟೀರಾಯ್ಡ್. ಆರು ತಿಂಗಳು ದಿನವೂ ಅದನ್ನು ನನ್ನ ಕೈಯಿಂದಲೇ ತಿಂದಿದ್ದಾಳೆ. ಹೊರಗಿನಿಂದ ಅಷ್ಟು ಬರುತ್ತಿದ್ದರಿಂದ ಅವಳ ಗ್ರಂಥಿ ಕೆಲಸ ನಿಲ್ಲಿಸಿಬಿಟ್ಟಿತು. ಆಮೇಲೆ ನಾನು ಒಂದೇ ದಿನಕ್ಕೆ ಮುಲಾಮು ಎಸೆದೆ. ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ನೀರು ಇಳಿದದ್ದು ಗುಣವಾಗಿ ಅಲ್ಲ, ಮೈಯಲ್ಲಿ ತ್ರಾಣ ಇಲ್ಲದೆ. ಅದನ್ನು ನಾನು ಆಶ್ಚರ್ಯದ ಗುರುತು ಹಾಕಿ ಬರೆದಿದ್ದೇನೆ, ಮೇಲೆಯೇ ಇದೆ.

ಡಾಕ್ಟರಮ್ಮ ಬೈಯಲಿಲ್ಲ. ಸ್ಟೀರಾಯ್ಡ್ ಕೊಡ್ತಿದೀರಾ ಎಂದು ಕೇಳಿದ್ದೆನಲ್ಲ ಅಂದರು. ನಾಯಿಗೆ ಏನು ಕೊಡ್ತೀರಿ ಅಂತ ಕೇಳಿದಿರಿ, ನನ್ನನ್ನು ಕೇಳಲಿಲ್ಲ ಅಂದೆ. ತಪ್ಪು ಹೊರಿಸಲು ಅಲ್ಲ, ಹಾಗೇ ಬಂತು. ಹೌದು, ಕೇಳಬೇಕಿತ್ತು ಅಂದರು.

ಮನೆಯಲ್ಲಿ ಏನು ಹಚ್ಚಿದಿರಿ? ಮೂವತ್ತು ವರ್ಷದಿಂದ ಊರವರನ್ನೆಲ್ಲ ನಾನು ಕೇಳಿಸುತ್ತಿರುವ ಪ್ರಶ್ನೆ. ನನ್ನ ಸರದಿ ಬಂದಾಗ ನಾನೂ ಏನೂ ಇಲ್ಲ ಅಂದೆ.

ಜುಲೈ ೧೬, ಮಂಗಳವಾರ

ಬೆಳಗ್ಗೆ ಹೋದಾಗ ತಲೆ ಎತ್ತಿದಳು. ಕೈ ಚಾಚಲು ಹೋಗಿ ಹಿಂದಕ್ಕೆ ತೆಗೆದುಕೊಂಡೆ. ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವಳು ನನ್ನನ್ನೇ ನೋಡುತ್ತಿದ್ದಳು.

ಜುಲೈ ೧೯, ಶುಕ್ರವಾರ

ನೀರು: ಏಳುನೂರು.

ಪುಟ್ಟಿ ಮನೆಗೆ ಬಂದಳು. ದಿನಕ್ಕೊಂದು ಸಣ್ಣ ಮಾತ್ರೆ, ಅದೂ ಸ್ಟೀರಾಯ್ಡೇ. ಯಾವುದು ಅವಳನ್ನು ಕೆಡಿಸಿತೋ ಅದನ್ನೇ ಅಳೆದು ಕೊಟ್ಟು, ವಾರ ವಾರ ಇಳಿಸುತ್ತಾ, ಗ್ರಂಥಿಯನ್ನು ನಿಧಾನವಾಗಿ ಎಬ್ಬಿಸಬೇಕಂತೆ. ಒಂದು ದಿನವೂ ತಪ್ಪುವ ಹಾಗಿಲ್ಲ. ಪೂರ್ತಿ ಎಚ್ಚರವಾಗುತ್ತದೆ ಅಂತ ಮಾತು ಕೊಡುವ ಹಾಗೂ ಇಲ್ಲ, ವಯಸ್ಸಾಗಿದೆ. ಕುಂಬಳಕಾಯಿ ಕೊಡಬಹುದೇ ಎಂದು ಕೇಳಿದೆ. ಡಾಕ್ಟರಮ್ಮ ನಕ್ಕು, ಪಾಪ ಕುಂಬಳಕಾಯಿ ಏನೂ ತಪ್ಪು ಮಾಡಿಲ್ಲ, ಕೊಡಿ ಅಂದರು.

ಅಕ್ಕನ ಫೋನು ಮೂರು ಸಲ ಬಂತು. ಚೆನ್ನಾಗಿದ್ದಾಳೆ ಅಂದು ಇಟ್ಟೆ. ಹೇಳದೆ ಉಳಿಯುವುದು ಮೊದಲು ಸಲೀಸಾಗಿತ್ತು. ಈಗ ಹಾಗಿಲ್ಲ.

ಜುಲೈ ೨೪, ಬುಧವಾರ

ನೀರು: ಎಂಟುನೂರು.

ಹೇಳಿದೆ. ಒಂದೂ ಬಿಡದೆ ಹೇಳಿದೆ, ರಕ್ತಪರೀಕ್ಷೆ, ಮುಲಾಮು, ಭಾನುವಾರ, ಮಾತ್ರೆ.

ಎಸೆ ಅಂದವಳು ನೀನು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೇ ಹೊಳೆದಿರಬೇಕು, ಮುಲಾಮಿನ ಮಾತನ್ನೇ ಎತ್ತಲಿಲ್ಲ.

"ಮಾತ್ರೆ ಹಾಕ್ತಿದೀಯ ಅಂತಾಯ್ತು."

"ಹೂಂ. ನಿಲ್ಸಲ್ಲ."

ಫೋನ್ ಇಟ್ಟಳು. ಆಮೇಲೆ ಬರಲಿಲ್ಲ.

ಆಗಸ್ಟ್ ೨, ಶುಕ್ರವಾರ

ನೀರು: ಎಂಟುನೂರ ಐವತ್ತು.

ಒಂಬತ್ತು ದಿನವಾಯಿತು, ಅಕ್ಕನ ಫೋನಿಲ್ಲ. ಮಗಳು ಮಾತ್ರ ಒಂದು ಸಲ ಮಾಡಿ, ಅಮ್ಮ ಯಾರ ಜೊತೆಯೂ ಮಾತಾಡುತ್ತಿಲ್ಲ ಮಾವ, ಹತ್ತನೇ ತಾರೀಕಿನ ಮೇಲೆ ಕರೆದುಕೊಂಡು ಬರುತ್ತೇನೆ ಅಂದಳು. ನಾಯಿಯನ್ನು ಒಯ್ಯಲು ಬರುತ್ತಾಳೆ. ಒಯ್ದು ಮೊದಲು ಮಾಡುವ ಕೆಲಸ ಮಾತ್ರೆ ಎಸೆಯುವುದು. ಎಸೆದರೆ ಪುಟ್ಟಿ ಒಂದು ವಾರ ಉಳಿಯುವುದಿಲ್ಲ.

ಮುಲಾಮು ಇಲ್ಲದೆ ಹಿಂದಿನ ಕೋಣೆಯ ಕೆಲಸ ಆಗುವುದಿಲ್ಲ. ಹಚ್ಚಿ ಕೈ ಮುಚ್ಚಿಕೊಂಡರೂ ಸಾಕು ಅಂದಿದ್ದಾರೆ ಡಾಕ್ಟರಮ್ಮ, ಆದರೆ ನನಗೆ ಆ ಟ್ಯೂಬು ಮನೆಯೊಳಗೆ ಇರುವುದೇ ಬೇಡ. ಯಜಮಾನರ ಹತ್ತಿರ ಹೋಗಿ, ಸೋಮವಾರದಿಂದ ಕೌಂಟರಿನಲ್ಲಿ ಕೂರುತ್ತೇನೆ, ಬಾಟಲಿ ಮುಟ್ಟುವುದಿಲ್ಲ, ಬೇರೆಯವರಿಗೆ ಕಲಿಸಿಕೊಡುತ್ತೇನೆ ಅಂದೆ. ಗಿರಾಕಿಗಳ ಜೊತೆ ನೀನು ಮಾತಾಡುತ್ತೀಯಾ ಎಂದು ಅವರು ಬಾಯಿ ಬಿಟ್ಟರು. ಇಸ್ತ್ರಿಯವಳು ಒಳಗಿನಿಂದಲೇ, ಬೊಗಳಲಿ ಬಿಡಿ ಅಂದಳು.

ಆಗಸ್ಟ್ ೧೧, ಭಾನುವಾರ

ನೀರು ಅಳೆಯಲಿಲ್ಲ.

ಅಕ್ಕ ಬಂದಳು. ಮಗಳು ಕಾರಿನಿಂದ ಇಳಿಸಿ ಊರುಗೋಲು ಕೈಗೆ ಕೊಟ್ಟಳು. ಆರಡಿ ದೂರ ನಡೆಯಲು ಎಷ್ಟು ಹೊತ್ತು ಹಿಡಿಯಿತು! ಇಷ್ಟು ಸಣ್ಣಗಾಗಿದ್ದಾಳೆ ಎಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ. ಪುಟ್ಟಿ ಅವಳ ಸೀರೆಯ ಅಂಚಿಗೆ ಮೂಗು ತೂರಿಸಿ ಅಳುವ ಹಾಗೆ ಸದ್ದು ಮಾಡಿದಳು. ಅಕ್ಕ ಬಗ್ಗಲಾಗದೆ ಗೋಡೆ ಹಿಡಿದು ನಿಂತು, ಬಾ ಚಿನ್ನ, ಹೋಗೋಣ ಅಂದಳು. ಕುರ್ಚಿ ಕೊಟ್ಟೆ. ಕೂತಳು. ನನ್ನ ಮುಖ ನೋಡಲಿಲ್ಲ.

ನಾಲ್ಕು ದಿನದಿಂದ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಬಂದದ್ದು ಇಷ್ಟೇ.

"ಅಕ್ಕ, ಮಾತ್ರೆ ಮುಗಿಯೋಕೆ ಇನ್ನೂ ಆರು ವಾರ ಇದೆ. ಅಲ್ಲೀವರ್ಗೂ ಅವಳು ಇಲ್ಲೇ ಇರ್ತಾಳೆ. ನೀನೂ ಇರು, ನಿನ್ ಮನೆ ಮೆಟ್ಟಿಲು ಹತ್ತೋಕೆ ನಿಂಗೆ ಆಗಲ್ಲ. ಆದ್ರೆ ಮಾತ್ರೆ ನಾನ್ ಹಾಕ್ತೀನಿ. ಆ ವಿಷ್ಯಕ್ಕೆ ನೀನು ಬರ್ಬೇಡ."

ಅಕ್ಕನ ಮಗಳು ನೆಲ ನೋಡಿದಳು. ಅಕ್ಕ ಊರುಗೋಲನ್ನು ಗೋಡೆಗೆ ಒರಗಿಸಿದಳು, ಅದು ಜಾರಿತು, ಮತ್ತೆ ಒರಗಿಸಿದಳು. ಭಾವ ಹೋದಾಗಲೂ ಹೀಗೇ ಕೂತಿದ್ದಳು.

"ಸರಿ" ಅಂದಳು. ಆಮೇಲೆ, "ಕೈ ತೋರ್ಸು."

ಎರಡೂ ಕೈ ಚಾಚಿದೆ. ಕೌಂಟರಿಗೆ ಬಂದು ಒಂದೇ ವಾರ, ಬಿರುಕು ಇನ್ನೂ ಮುಚ್ಚಿಲ್ಲ. ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡಿದಳು, ನನ್ನ ಉಗುರು ಕತ್ತರಿಸುತ್ತಿದ್ದ ಕಾಲದಲ್ಲಿ ನೋಡುತ್ತಿದ್ದ ಹಾಗೆ.

"ಎಷ್ಟು ವರ್ಷ ಆಯ್ತು ಹೀಗಾಗಿ?"

"ಏಳು."

"ಏಳು ವರ್ಷದಿಂದ ನನ್ ಮನೇಲಿ ಊಟ ಮಾಡಿ ಹೋಗ್ತಿದೀಯ. ಮೊನ್ನೆ ಮೊನ್ನೆ ಎಣ್ಣೆ ಹಚ್ಕೋ ಅಂತ ಫೋನಲ್ಲಿ ಹೇಳ್ದೆ. ಒಂದು ಸಲ ಹೇಳ್ಬಾರ್ದಿತ್ತೇನೋ?"

ನೀನು ಕೇಳಲಿಲ್ಲ ಅನ್ನುವುದು ನಿಜ, ನಾನು ಹೇಳಲಿಲ್ಲ ಅನ್ನುವುದೂ ನಿಜ. ಅಳು ಬಂತು. ಎರಡೂ ಕೈ ಅಕ್ಕನ ಹತ್ತಿರವೇ ಇದ್ದವು, ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.